ಕಟ್ಟೆ ಏರಿದ ಒಲೆ

ಹಸಿ ಮಣ್ಣು ಕಾಯುವ ವಾಸನೆ, ತೊಗರಿಕಟ್ಟಿಗೆಯ ಹೊಗೆ ತನ್ನಷ್ಟಕ್ಕೆ ಬೆಳಕಿಂಡಿಯ ದಾರಿ ಹಿಡಿದು ಹೋಗುತ್ತಿದೆ, ಕಣ್ಣಿಗೆ ಬರಲಿಲ್ಲ, ಹೊಸ ಒಲೆಗೆ ಇಷ್ಟು ಬೇಗ ಬುದ್ಧಿ ಬಂತೇ — ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೇನೆ, ನಲವತ್ತೆಂಟು ವರ್ಷ ನನ್ನದಾಗಿದ್ದ ಅಡುಗೆಮನೆಗೆ ನೆಂಟರ ಹಾಗೆ ಬಂದು, ಒಳಗೆ ಹೋಗಲೋ ಬೇಡವೋ, ಅದೇ ಗೋಡೆ, ಅದೇ ಸುಣ್ಣ, ಸುಣ್ಣದ ಮೇಲೆ ಅದೇ ಇದ್ದಲಿ ಗೆರೆ, ಬೆರಳುದ್ದದ್ದು, ಹದಿನೈದು ದಿನದಿಂದ ಕಣ್ಣು ಚುಚ್ಚುತ್ತಿದೆ, ಒಲೆ ಕಟ್ಟಿದ ಗೌಂಡಿ ಯಾಸೀನನ ಕೆಲಸವೇ ಇರಬೇಕು, ಬಿಳಿ ಗೋಡೆ ಕಂಡರೆ ಗೌಂಡಿಗಳ ಕೈ ಸುಮ್ಮನಿರುವುದಿಲ್ಲ, ಅಳಿಸು ಎಂದರೆ ಸೊಸೆ ವಿಜಯಲಕ್ಷ್ಮಿ, ಇರ್ಲಿ ಬಿಡ್ರಿ ಅತ್ತಿ, ಕೆಲಸ ಮುಗೀಲಿ, ಅಂದಳು, ನನ್ನ ಮಾತು ಯಾವಾಗಿನಿಂದ ಇರಲಿ ಬಿಡಿ ಆಯಿತೋ, ಮೊಣಕಾಲಿನ ಆಪರೇಷನ್ ಆದ ಮೇಲೇ ಇರಬೇಕು, ಐದು ತಿಂಗಳಾಯಿತು, ನೆಲಕ್ಕ ಕುಂದ್ರಬ್ಯಾಡ್ರಿ ಅಮ್ಮಾರ ಎಂದ ವಿಜಯಪುರದ ಡಾಕ್ಟರ, ಅವನಿಗೇನು, ನೆಲದ ಮೇಲಿನ ಒಲೆಗೆ ನಿಂತು ರೊಟ್ಟಿ ಬಡಿಯಲು ಈ ಚನ್ನವ್ವನೇನು ಕೊಕ್ಕರೆಯೇ, ಐದು ತಿಂಗಳು ವಿಜಯಾಳ ರೊಟ್ಟಿ ತಿಂದೆ, ದಪ್ಪ, ಅಂಚು ಒಡೆದದ್ದು, ಬೈಯಲಿಲ್ಲ, ಬೈಯುವಷ್ಟು ಹಕ್ಕು ಉಳಿದಿದೆಯೋ ಇಲ್ಲವೋ ಎಂದು ಹೆದರಿ ಸುಮ್ಮನೆ ನುಂಗಿದೆ.

ಆಮೇಲೆ ಒಂದು ಮುಂಜಾನೆ, ಅತ್ತಿ, ಒಲಿ ಎತ್ತರಸೂಣ್ರಿ, ಕಟ್ಟಿ ಕಟ್ಟಿಸಿ ಮ್ಯಾಲ ಪರಸಿ ಕಲ್ಲು ಹಾಕ್ಸೂಣು, ಅಂದಳು, ನಾನು ಮಗ್ಗುಲು ಬದಲಿಸಿದೆ, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ, ನನ್ನ ಕಾಲ ಮುಗಿಯಿತು, ಒಲೆ ಅವಳ ಎತ್ತರಕ್ಕೆ ಏರುತ್ತದೆ, ಅವಳಾದರೋ ನಿಡಗುಂದಿಯಿಂದ ಮದುವೆಯಾಗಿ ಬಂದ ದಿನವೇ ಈ ಬಾಗಿಲಿಗೆ ಹಣೆ ಬಡಿಸಿಕೊಂಡವಳು, ನಾನು ಅವಳ ಭುಜಕ್ಕೂ ಬರುವುದಿಲ್ಲ, ಇನ್ನು ಒಲೆಯ ಮೇಲಿನ ಹಂಚು ನೋಡಬೇಕಾದರೆ ನನಗೆ ಮಣೆ ಬೇಕು — ಯಾಸೀನ ಕೇಳಿದ್ದು ಹೊರಸಿನ ಮೇಲೆ ಮಲಗಿದ್ದ ನನ್ನ ಕಿವಿಗೆ ಬಿತ್ತು, ನಿಮ್ಮ ಅಳತಿಗೆ ಕಟ್ಲ್ಯಾ ಅಕ್ಕಾರ, ಅವಳು ಏನಂದಳೋ, ಅಷ್ಟರಲ್ಲಿ ಕಲ್ಲು ಕೊಯ್ಯುವ ಮಷೀನು ಕಿರ್ರೆಂದಿತು, ಕೇಳುವುದೇನಿದೆ, ಕಟ್ಟಿಸುವವಳ ಅಳತೆ ಕಟ್ಟೆಗೆ, ಆದರೂ ಒಂದು ದಿನ ತಡೆಯಲಾರದೆ ಹೊರಸಿನಿಂದಲೇ ಕೂಗಿದೆ, ಯಾಸೀನಾ, ಬೆಂಕಿ ಬಾಯಿಗೆ ಪರಸಿ ಇಡಬ್ಯಾಡೋ, ಸಿಡಿತೈತಿ, ಒಳಗ ಮಣ್ಣೇ ಇರ್ಲಿ, ಅವನು ಹೌದ್ರಿ ಯವ್ವಾ ಅಂದ, ಹೌದೆನ್ನಿಸಿಕೊಂಡು ಎಷ್ಟು ದಿನವಾಗಿತ್ತು, ಹಳೆ ಒಲೆ ಒಡೆದ ಮಣ್ಣನ್ನು ತಿಪ್ಪೆಗೆ ಹಾಕಿರುತ್ತಾಳೆ ಅಂದುಕೊಂಡಿದ್ದೆ, ಇಲ್ಲ, ಬುಟ್ಟಿಯಲ್ಲಿ ಎತ್ತಿಟ್ಟು, ಕುಟ್ಟಿ, ಹೊಟ್ಟು ಸೇರಿಸಿ ಹೊಸ ಮಣ್ಣಿಗೆ ತಾನೇ ತುಳಿದು ಕಲಸಿದಳು, ನಮ್ಮತ್ತೆ ನನಗೆ ಹೇಳಿದ್ದು, ನಾನು ಇವಳಿಗೆ ಎಂದೋ ಒಮ್ಮೆ ಹೇಳಿದ್ದು, ನೆನಪಿಟ್ಟುಕೊಂಡಿದ್ದಾಳೆ, ಕಳ್ಳಿ.

ಯಾಕ ಅಲ್ಲೇ ನಿಂತೀರಿ ಅತ್ತಿ, ಬರ್ರಿ, ಮೊದಲನೇ ರೊಟ್ಟಿ ನೀವೇ ಬಡೀಬೇಕು, ಹಿಟ್ಟು ನಾದಿಟ್ಟೇನಿ — ಎತ್ತಿ ಎತ್ತಿ ಕಾಲಿಡುತ್ತೇನೆ, ಬಡಿಯಲು ಆಗದಿದ್ದರೆ ನಗೆಪಾಟಲು, ಕಲ್ಲಿನ ಅಂಚು ತಣ್ಣಗೆ ಹೊಟ್ಟೆಗೆ ತಾಗಿತು, ಎದೆಗಲ್ಲ, ಹೊಟ್ಟೆಗೆ, ಕಟ್ಟೆಯ ಒಡಲಲ್ಲೇ ಒಲೆ, ಹಂಚು ಕೈಯಳತೆಯಲ್ಲೇ, ಒಳಗೆ ಇಣುಕಿದರೆ ಕೆಂಡ ಕಾಣುತ್ತಿದೆ, ಹಿಟ್ಟು ಅಂಗೈಗೆ ಬಂತು, ಪಟ್, ಪಟ್, ಪಟ್, ರೊಟ್ಟಿ ಪರಸಿಯ ಮೇಲೆ ತಿರುಗುತ್ತಿದೆ, ಬೆನ್ನು ಬಾಗಿಲ್ಲ, ಭುಜ ಏರಿಲ್ಲ, ಮೊಣಕಾಲುಗಳು ನನ್ನವಲ್ಲವೇನೋ ಎಂಬಷ್ಟು ಸುಮ್ಮನಿವೆ, ಅಯ್ಯೋ ಶಿವನೇ, ಎಷ್ಟು ಹಗುರ, ಐದು ತಿಂಗಳು ಎದೆಯ ಮೇಲೆ ಹೊತ್ತ ಚಪ್ಪಡಿ ಇಳಿದ ಹಾಗೆ, ಅಳು ಬಂತು, ಬಂದರೆ ಬರಲಿ, ಹೊಗೆಯೆಂದರಾಯಿತು — ಆದರೆ ಹೊಗೆಯೇ ಇಲ್ಲವಲ್ಲ.

ಪಕ್ಕದಲ್ಲಿ ವಿಜಯಾ ಕಟ್ಟಿಗೆ ಒತ್ತುತ್ತಿದ್ದಾಳೆ, ಸೊಂಟದಲ್ಲೇ ಮಡಚಿಕೊಂಡು, ಒಂದು ಕೈ ಬೆನ್ನಿಗೆ, ಯಾಕೆ ಹೀಗೆ ಬಾಗಿದ್ದಾಳೆ, ನಿನಗ ತಗ್ಗಾತಲ್ಲವಾ ವಿಜಯಾ, ಅಂದೆ, ಆಗ್ಲಿ ಬಿಡ್ರಿ, ರೂಢಿ ಆಗತೈತಿ, ಅಂದಳು ತಲೆ ಎತ್ತದೆ, ಹಾಗಾದರೆ ಮಷೀನಿನ ಗದ್ದಲದಲ್ಲಿ ಅವಳು ಅಂದದ್ದು — ಕಟ್ಟಿಸುವ ಮೊದಲು ಒಂದು ದಿನ ನನ್ನನ್ನು ಈ ಗೋಡೆಗೇ ಬೆನ್ನು ಕೊಟ್ಟು ನಿಲ್ಲಿಸಿದ್ದಳು, ಮೊಳಕೈ ಮಡಚ್ರಿ ಅತ್ತಿ, ಕೈಕೋಲಿನ ಅಳತಿ ಬೇಕಂತ, ಹಿಂದೆ ಏನೋ ಗೀರಿದ ಸದ್ದು, ಕೋಲು ಇಂದು ಬಂದೀತು ನಾಳೆ ಬಂದೀತು, ಕೋಲು ಬರಲೇ ಇಲ್ಲ, ಒಲೆಯ ಅಳತೆ ಅಂದಿದ್ದರೆ ನಾನು ನಿಲ್ಲುತ್ತಿದ್ದೆನೇ, ಗೊತ್ತು ಅವಳಿಗೆ, ನನ್ನ ಹಟ ನನಗಿಂತ ಚೆನ್ನಾಗಿ ಗೊತ್ತು — ರೊಟ್ಟಿ ಹಂಚಿಗೆ ಬಿತ್ತು, ನೀರು ಸವರಿದೆ, ಹಿಂದೆ ಸರಿದೆ, ಬೆನ್ನು ಗೋಡೆಗೆ ತಾಗಿತು, ಅತ್ತಿ, ಉಬ್ಬಾಕತ್ತೈತಿ ನೋಡ್ರಿ ಅನ್ನುತ್ತಿದ್ದಾಳೆ, ನೋಡುತ್ತಿಲ್ಲ ನಾನು, ಮೊಳಕೈ ಮೆಲ್ಲಗೆ ಮಡಚುತ್ತೇನೆ, ತಿರುಗಿಸಿ ನೋಡುತ್ತೇನೆ, ಮೊಳಕೈಗೆ ಕಪ್ಪು ಹತ್ತಿದೆ, ಬೆರಳುದ್ದದ್ದು, ಇದ್ದಲಿ ಗೆರೆ, ಗೋಡೆಯ ಮೇಲೆ, ನನ್ನ ಮೊಳಕೈ ಮೇಲೆ, ಇದ್ದಲಿ ಗೆರೆ