ನ್ಯಾಮತಿಯ ಒಂದೇ ಎಳೆ ಶಾವಿಗೆ

೨೦೨೫ರ ಏಪ್ರಿಲ್ ೨೦, ಭಾನುವಾರ, ಬೆಳಗ್ಗೆ ಆರು ಗಂಟೆ ನಲವತ್ತು ನಿಮಿಷ. ನ್ಯಾಮತಿಯ ಅಂತರಘಟ್ಟಮ್ಮನವರ ಅಂಗಳದಲ್ಲಿ ಶಾವಿಗೆ ಮಣೆಯ ಒಂದು ತುದಿಯನ್ನು ಮರದ ಪೆಟ್ಟಿಗೆಯ ಮೇಲೇರಿಸಿ, ಇನ್ನೊಂದನ್ನು ನೆಲಕ್ಕೆ ಊರಿದ್ದರು. ಗಾಳಿ ಎದ್ದರೆ ಎಳೆ ಬೇಗ ಒಣಗಿ ತುಂಡಾಗುತ್ತದೆ, ಅದಕ್ಕೇ ಅಷ್ಟು ಬೇಗ. ನಾನು ಹೊನ್ನಾಳಿಯಿಂದ ಮೊದಲ ಬಸ್ಸಿಗೆ ಬಂದಿದ್ದೆ. ಅಲ್ಲಿನ ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಪಾಠ ಮಾಡುತ್ತೇನೆ. ಚೀಲದಲ್ಲಿ ಪ್ರಯೋಗಾಲಯದ ಉಕ್ಕಿನ ಟೇಪು, ನೂಲಿನ ಉಂಡೆ, ಒಂದು ನೋಟ್‌ಬುಕ್ ಇದ್ದವು.

ನನ್ನನ್ನು ಈ ಕೆಲಸಕ್ಕೆ ಎಳೆದವರು ಚನ್ನಗಿರಿಯ ಓಬಳೇಶ್. ಅವರದು ಜೆರಾಕ್ಸ್ ಅಂಗಡಿ. ಬಿಡುವಿದ್ದಾಗ ಫೇಸ್‌ಬುಕ್ಕಿನಲ್ಲಿ 'ನಮ್ಮೂರ ಸೋಜಿಗ' ಎಂಬ ಪೇಜು ನಡೆಸುತ್ತಾರೆ. ಒಂದೇ ಕಾಯಿಯಲ್ಲಿ ಮೂರು ಮೊಳಕೆ ಒಡೆದ ತೆಂಗು, ಮೊಬೈಲ್ ರಿಂಗಾದರೆ ಮಾತ್ರ ಕೂಗುವ ಹುಂಜ, ಗಿರಾಕಿಗೆ ಕನ್ನಡಿಯಲ್ಲಿ ಸರಿಯಾಗಿ ಕಾಣಲೆಂದು ಉಲ್ಟಾ ಗಡಿಯಾರ ತೂಗುಹಾಕಿದ ಕ್ಷೌರದಂಗಡಿ, ಇಂಥವು. ಒಮ್ಮೆ ಅವರು 'ಹೊನ್ನಾಳಿ ಹೊಳೆಯ ಮೇಲೆ ಎರಡು ಸೂರ್ಯ' ಎಂದು ಫೋಟೋ ಹಾಕಿದಾಗ, ಅದು ಕ್ಯಾಮೆರಾ ಗಾಜಿನೊಳಗಿನ ಪ್ರತಿಫಲನ ಎಂದು ನಾನು ಕೆಳಗೆ ಬರೆದಿದ್ದೆ. ಅವರಿಗೆ ಬೇಸರವಾಗಲಿಲ್ಲ. "ಮುಂದಿನ ಸಲ ನೀವೇ ಬಂದು ನೋಡ್ರಿ ಮೇಡಂ, ಆಮೇಲೆ ಹಾಕ್ತೀನಿ" ಎಂದರು. ಆ ಮುಂದಿನ ಸಲ ಇದು.

ಅಂತರಘಟ್ಟಮ್ಮನವರಿಗೆ ಅರವತ್ಮೂರು ವರ್ಷ. ಮೂವತ್ತೆಂಟು ವರ್ಷದಿಂದ ಬೇರೆಯವರ ಮನೆಯ ಮದುವೆಗೆ ಕೈಯಲ್ಲಿ ಶಾವಿಗೆ ಹೊಸೆದು ಕೊಡುತ್ತಿದ್ದಾರೆ. ಮಾರ್ಚಿನಲ್ಲಿ ಅವರ ಸೊಸೆ, ಅಂಗನವಾಡಿ ಕಾರ್ಯಕರ್ತೆ ಜ್ಯೋತಿಲಕ್ಷ್ಮಿ, ಅತ್ತೆ ಹೊಸೆಯುವುದನ್ನು ಮೊಬೈಲಿನಲ್ಲಿ ಹಿಡಿದು, 'ತುಂಡಾಗದ ಒಂದೇ ಎಳೆ, ಐವತ್ತು ಮೀಟರ್' ಎಂದು ಬರೆದು ಹಾಕಿದಳು. ಓಬಳೇಶ್ ಅದನ್ನು ತಮ್ಮ ಪೇಜಿಗೆ ತೆಗೆದುಕೊಂಡರು. ನಾಲ್ಕು ದಿನದಲ್ಲಿ ಎರಡು ಲಕ್ಷ ಜನ ನೋಡಿದರು. ಐದನೆಯ ದಿನ ಜಗಳೂರಿನ ಕೆಂಚೇಶ್ ಎಂಬುವರು ಕೆಳಗೆ ಒಂದೇ ಸಾಲು ಬರೆದರು: 'ಇದು ಒಂದೇ ಎಳೆ ಅಲ್ಲ, ನಡುವೆ ಕೂಡಿಸಿದ್ದಾರೆ.'

ಕೆಂಚೇಶ್ ಹಿಟ್ಟಿನ ಗಿರಣಿಯವರು, ಶಾವಿಗೆ ಮಿಶಿನ್ನೂ ಇಟ್ಟಿದ್ದಾರೆ ಎಂದು ಯಾರೋ ಹುಡುಕಿ ತೆಗೆದರು. ಅಲ್ಲಿಂದ ಮಾತು ಬೆಳೆಯಿತು. ಕೂಡಿಸಿದ್ದು ಎಂದಿದ್ದು ಮಿಶಿನ್ನಿನದು ಎಂದಾಯಿತು. ಮಿಶಿನ್ನಿನದನ್ನು ಕೈಯದು ಎಂದು ಮಾರುತ್ತಾರೆ ಎಂದಾಯಿತು. ಹೊನ್ನಾಳಿಯ ಒಂದು ಮದುವೆ ಮನೆಯವರು, ಎರಡು ತಲೆಮಾರಿನಿಂದ ಇವರ ಕೈಯಲ್ಲೇ ಹೊಸೆಸಿಕೊಳ್ಳುತ್ತಿದ್ದವರು, ಕೊಟ್ಟ ಎಂಟು ಕಿಲೋ ಶಾವಿಗೆಯನ್ನು ಡಬ್ಬಿ ಸಮೇತ ವಾಪಸ್ ಕಳಿಸಿದರು. ಅದು ಒಳಮನೆಯ ಮೂಲೆಯಲ್ಲಿ, ಬಟ್ಟೆ ಕಟ್ಟಿದ ಹಾಗೇ ಇತ್ತು. ಅಂತರಘಟ್ಟಮ್ಮ ನನಗೆ ಮೊದಲು ತೋರಿಸಿದ್ದು ಅದನ್ನೇ.

"ನೋಡ್ರಿ ಮೇಡಮ್ಮಾರೆ. ಆ ಮನಿ ಯಜಮಾನ್ತಿ ಮದುವಿಗೂ ನಾನೇ ಹೊಸೆದು ಕೊಟ್ಟಿದ್ದೆ. ಈಗ ಆಕಿ ಮಗಳ ಮದುವಿಗೆ ನನ್ ಕೈ ಸುಳ್ಳಾತು" ಎಂದರು. "ದೇವ್ರ ಮುಂದೆ ನಿಂತು ಹೇಳೀನಿ, ಒಂದೇ ಎಳೆ ಅಂತ. ಇವತ್ತು ಎಲ್ಲಾರ ಕಣ್ಣೆದುರಿಗೆ ಆಗ್ಲಿ."

ಕೆಂಚೇಶ್ ಕೂಡ ಬಂದಿದ್ದರು. ಹಿಂದಿನ ದಿನವೇ ಜಗಳೂರು ಬಿಟ್ಟು, ದಾವಣಗೆರೆಯಲ್ಲಿ ಅಕ್ಕನ ಮನೆಯಲ್ಲಿ ಉಳಿದು, ಬೆಳಗಿನ ಬಸ್ಸು ಹಿಡಿದಿದ್ದರು. ಸುಮಾರು ನಲವತ್ತೈದರ, ಸಣಕಲು ದೇಹದ, ಮಾತು ಕಡಿಮೆಯ ಮನುಷ್ಯ. ಗಲಾಟೆಯವರಿರಬಹುದು ಎಂದುಕೊಂಡಿದ್ದ ನನಗೆ ಸ್ವಲ್ಪ ಆಶ್ಚರ್ಯವಾಯಿತು.

"ಬಾರಪ್ಪಾ ಮಿಶಿನ್ ಸಾಹುಕಾರ" ಎಂದರು ಅಂತರಘಟ್ಟಮ್ಮ. "ಕಣ್ಣು ತೊಳಕಂಡು ಬಂದಿಯೇನು?"

"ತೊಳಕಂಡೇ ಬಂದೀನಿ ಅವ್ವಾರೆ."

"ಹಂಗಾದ್ರೆ ಇಲ್ಲೇ ಕುಂದ್ರು, ನನ್ ಕೈ ಪಕ್ಕಕ್ಕೆ. ದೂರ ಕುಂತು ಆಮೇಲೆ ಕಾಣ್ಲಿಲ್ಲ ಅನ್ನಬ್ಯಾಡ."

"ಅತ್ತೆ, ಮೊದ್ಲು ಅವ್ರಿಗೆ ಚಾ ಕೊಡಾಣ" ಎಂದಳು ಜ್ಯೋತಿಲಕ್ಷ್ಮಿ.

"ಕೊಡು, ಯಾರು ಬ್ಯಾಡ ಅಂದ್ರು. ಸಕ್ರಿ ಕಮ್ಮಿ ಹಾಕು. ಇವ್ರಿಗೆ ಸಿಹಿ ಆಗಂಗಿಲ್ಲ."

ಕೆಂಚೇಶ್ ನಕ್ಕುಬಿಟ್ಟರು. ಓಬಳೇಶ್ ಇನ್ನೂ ಜೋರಾಗಿ ನಕ್ಕರು.

ಅಳೆಯುವ ಕ್ರಮ ಹೀಗಿತ್ತು. ಸಾಮಾನ್ಯವಾಗಿ ಮೇಲೆ ಕೂತವರು ಹಿಟ್ಟಿನ ಮುದ್ದೆಯಿಂದ ಎಳೆ ತೆಗೆದು, ಮಣೆಯ ಮೇಲೆ ಅಂಗೈಯಿಂದ ಹೊಸೆಯುತ್ತ ಕೆಳಗೆ ಬಿಡುತ್ತಾರೆ. ಕೆಳಗೆ ಕೂತವರು ಅದನ್ನು ಹಿಡಿದು ಸುತ್ತಿಕೊಳ್ಳುತ್ತಾರೆ. ಇವರ ಮನೆಯಲ್ಲಿ ಸುತ್ತುವುದು ಪ್ಲಾಸ್ಟಿಕ್ ಪೈಪಿನಿಂದ ಮಾಡಿದ ಒಂದು ಚೌಕಟ್ಟಿಗೆ. ನಾನು ಅದನ್ನು ಬದಿಗಿರಿಸಿ, ಒಂದು ಹಲಗೆಗೆ ಎರಡು ಬಿದಿರು ಗೂಟ ಹೊಡೆಸಿದೆ. ನೂಲು ಸುತ್ತಿ ನೋಡಿ, ಒಂದು ಸುತ್ತಿಗೆ ಸರಿಯಾಗಿ ಎರಡು ಮೀಟರ್ ಬರುವಂತೆ ಅಂತರ ಸರಿಪಡಿಸಿದೆ. ಇಪ್ಪತ್ತೈದು ಸುತ್ತು ಬಂದರೆ ಐವತ್ತು ಮೀಟರ್. ಎಳೆ ಒಣಗಿದಂತೆ ಕುಗ್ಗುವುದರಿಂದ ಹಸಿಯಾಗಿರುವಾಗಲೇ ಎಣಿಸಬೇಕು.

ಏಳು ಗಂಟೆ ಐದು ನಿಮಿಷಕ್ಕೆ ಅಂತರಘಟ್ಟಮ್ಮ ಮಣೆಯ ಮೇಲೆ ಕೂತರು. ಒದ್ದೆ ಬಟ್ಟೆ ಮುಚ್ಚಿದ ಮುದ್ದೆ ಎಡಕ್ಕೆ, ಬೆರಳದ್ದಲು ನೀರಿನ ಬಟ್ಟಲು ಬಲಕ್ಕೆ. ಅವರ ಅಂಗೈ ಹಿಂದೆ ಮುಂದೆ ಹೋಗುತ್ತಿದ್ದಂತೆ, ಸ್ವೆಟರ್ ಹೆಣೆಯುವ ನೂಲಿಗಿಂತ ಸಣ್ಣ ಎಳೆ ಇಳಿದುಬರತೊಡಗಿತು. ಜ್ಯೋತಿಲಕ್ಷ್ಮಿ ಸುತ್ತುತ್ತಿದ್ದಳು. ನಾನು ಸುತ್ತು ಎಣಿಸುತ್ತಿದ್ದೆ. ಓಬಳೇಶ್ ಮೊಬೈಲ್ ಹಿಡಿದಿದ್ದರು. ಅಂತರಘಟ್ಟಮ್ಮ ಬಾಯಿಗೂ ಬಿಡುವು ಕೊಡಲಿಲ್ಲ. ಪಕ್ಕದ ಮನೆಯ ಹೊಸ ಬೋರ್‌ವೆಲ್ ಎಷ್ಟು ಅಡಿಗೆ ಹೋಯಿತು, ಜಗಳೂರ ಕಡೆ ಕುರಿ ಮಾಂಸದ ಸಾರಿಗೆ ಯಾಕೆ ಅಷ್ಟು ಖಾರ, ಎಲ್ಲವನ್ನೂ ವಿಚಾರಿಸಿಕೊಳ್ಳುತ್ತಿದ್ದರು.

ಏಳನೆಯ ಸುತ್ತು ಮುಗಿದು ಎಂಟನೆಯದು ಶುರುವಾಗಿತ್ತು.

"ಹರಿದ್ರಿ" ಎಂದರು ಕೆಂಚೇಶ್, ಮೆಲ್ಲಗೆ.

"ಏನು ಹರಿದೆ?"

"ಎಳೆ. ಈಗ ಚಿವುಟಿ ಮತ್ತೆ ಕೂಡಿಸಿದ್ರಿ."

"ನಾನಾ? ನಿನಗೇನು ದೆವ್ವ ಬಡದೈತಾ? ಕೈ ನಿಂತೇ ಇಲ್ಲ!"

ನಿಜವಾಗಿಯೂ ಕೈ ನಿಂತಿರಲಿಲ್ಲ. ನನಗೂ ಏನೂ ಕಂಡಿರಲಿಲ್ಲ. ಓಬಳೇಶ್ ವಿಡಿಯೋ ಹಿಂದಕ್ಕೆ ಓಡಿಸಿ, ವೇಗ ತಗ್ಗಿಸಿ, ಅವರ ಮುಂದೆ ಹಿಡಿದರು. ಅಂತರಘಟ್ಟಮ್ಮ ಕಣ್ಣು ಕಿರಿದಾಗಿಸಿ ನೋಡಿದರು. ಹೆಬ್ಬೆರಳು ಮತ್ತು ತೋರುಬೆರಳು ಸೇರಿ ಎಳೆಯನ್ನು ಚಿವುಟುವುದು, ಮರುಕ್ಷಣವೇ ಕಿರುಬೆರಳು ನೀರಿನ ಬಟ್ಟಲು ತಾಗುವುದು, ತುದಿಗೆ ತುದಿ ಒತ್ತಿ ಅಂಗೈ ಮುಂದೆ ಸಾಗುವುದು ಎಲ್ಲವೂ ಸ್ಪಷ್ಟವಾಗಿತ್ತು. ಎಳೆ ತಾನಾಗಿ ತುಂಡಾದಾಗ ಹೊಸೆಯುವವರು ಕೂಡಿಸುವುದು ಹೀಗೆಯೇ. ಆದರೆ ಇಲ್ಲಿ ತುಂಡು ಮಾಡಿದ್ದೂ ಅದೇ ಕೈ.

"ಇದು ನನ್ ಕೈಯಾ?" ಎಂದು ಕೇಳಿದರು. ಬಳೆ ಇತ್ತು, ತೋರುಬೆರಳಿನ ಹಳೆಯ ಸುಟ್ಟ ಕಲೆಯೂ ಇತ್ತು. ಕೇಳಬೇಕಾಗಿರಲಿಲ್ಲ. ಮತ್ತೆ ಕೇಳಿದರು, "ಆ ಮೊದಲಿನ ವಿಡಿಯೋದಾಗೂ ಹಿಂಗೇ ಐತಾ?"

"ಮೂರು ಕಡೆ ಐತೆ ಅವ್ವಾರೆ" ಎಂದರು ಕೆಂಚೇಶ್. "ನಮ್ಮವ್ವನೂ ಹೊಸೀತಿದ್ಲು. ಕೂಡಿಸಿದಲ್ಲಿ ಎಳೆ ಒಂದು ಅಕ್ಕಿ ಕಾಳಿನಷ್ಟು ದಪ್ಪ ಕಾಣುತ್ತೆ, ಗೊತ್ತಿದ್ದೋರಿಗೆ. ಅಷ್ಟೇ ಬರೆದೆ. ಮಿಶಿನ್ ಅಂತ ನಾನು ಅಂದಿಲ್ಲ. ಮಿಶಿನ್ನಿಗೆ ಕೂಡ್ಸಾಕೆ ಎಲ್ಲಿ ಬರುತ್ತೆ? ಅದನ್ನೂ ಬರೀಬೇಕಿತ್ತು. ಜನ ಬೈಯಾಕೆ ಶುರು ಮಾಡಿದ್ರು, ಸುಮ್ಮನಾದೆ. ತಪ್ಪಾತು."

ಅಂತರಘಟ್ಟಮ್ಮ ಮಣೆಯಿಂದ ಇಳಿದು ಕೈ ತೊಳೆದುಕೊಂಡರು. "ಓಬಳೇಶಪ್ಪಾ, ಮೊದ್ಲು ಹಾಕಿಬಿಡು. ಒಂದೇ ಎಳೆ ಅನ್ನೋದು ಸುಳ್ಳು ಅಂತ. ನಾನು ಆಣೆ ಮಾಡಿದ್ದೂ ಸುಳ್ಳಾತು."

"ಇರ್ರಿ ಅತ್ತೆ, ಇನ್ನೊಂದು ಸಲ ನೋಡಾಣ" ಎಂದಳು ಜ್ಯೋತಿಲಕ್ಷ್ಮಿ. ಅವಳ ಕಣ್ಣಲ್ಲಿ ನೀರಿತ್ತು. 'ತುಂಡಾಗದ' ಎಂದು ಬರೆದವಳು ಅವಳೇ.

ಇನ್ನೊಂದು ಸಲವೂ ಆಯಿತು. ಈ ಬಾರಿ ಅಂತರಘಟ್ಟಮ್ಮ ಮಾತಾಡಲಿಲ್ಲ. ದೃಷ್ಟಿ ಬೆರಳ ಮೇಲೇ ಇತ್ತು. ಆದರೆ ನೋಡನೋಡುತ್ತ ಎಳೆ ಒಂದೆಡೆ ದಪ್ಪ, ಒಂದೆಡೆ ಸಣ್ಣ ಆಗತೊಡಗಿತು. ಒಂಬತ್ತನೆಯ ಸುತ್ತಿನಲ್ಲಿ ತನ್ನ ಭಾರಕ್ಕೆ ತಾನೇ ಕಿತ್ತು ಬಿತ್ತು. ಕಲಿಯುವ ಹುಡುಗಿಯ ಎಳೆಯೂ ಹಾಗೆ ಬೀಳುವುದಿಲ್ಲ ಎಂದು ಅವರೇ ಹೇಳಿಕೊಂಡರು.

ನಾನು ನೋಟ್‌ಬುಕ್ ನೋಡುತ್ತ ಕೂತಿದ್ದೆ. ಮೊದಲ ಸಲ ಕೈ ಚಿವುಟಿದ್ದು ಏಳು ಸುತ್ತು, ಇಪ್ಪತ್ತಾರು ಸೆಂಟಿಮೀಟರಿಗೆ, ಅಂದರೆ ೧೪.೨೬ ಮೀಟರಿಗೆ. ಇದು ಯಾವ ಲೆಕ್ಕ? ಸುತ್ತು ಎಣಿಸಿ ಚಿವುಟುವುದಾದರೆ ಸುತ್ತಿನ ಕೊನೆಗೆ ಚಿವುಟಬೇಕಿತ್ತು.

"ಅಮ್ಮಾ, ಒಂದೇ ಎಳೆ, ಐವತ್ತು ಮೀಟರ್ ಅನ್ನೋದೆಲ್ಲ ಬಿಟ್ಟುಬಿಡಿ" ಎಂದೆ. "ಮದುವೆ ಮನೆಗೆ ಹೊಸೆಯೋ ಹಾಗೆ ಹೊಸೀರಿ. ಕೈ ಏನು ಮಾಡುತ್ತೋ ಮಾಡಲಿ. ನೀವು ಕೆಂಚೇಶ್ ಅವರನ್ನ ಬೈತಾ ಇರಿ."

"ಬೈಯಾಕೆ ಈಗ ಏನೈತಿ? ಪಾಪ, ಅವ್ನು ಹೇಳಿದ್ದು ಖರೇನೇ ಆತಲ್ಲ" ಎಂದರು. ಆದರೂ ಮಣೆ ಏರಿದರು. ಕೆಂಚೇಶ್ ತಮ್ಮ ಅವ್ವ ಹಿಟ್ಟು ಕುಟ್ಟುವಾಗ ಎಷ್ಟು ಎಣ್ಣೆ ಹಾಕುತ್ತಿದ್ದಳು ಎಂದು ಹೇಳಿದರು. ಅಷ್ಟು ಹಾಕಿದರೆ ಎಳೆ ಜಾರುತ್ತದೆ ಎಂದು ಇವರು ತಕರಾರು ತೆಗೆದರು. ಎಣ್ಣೆಯ ಮೇಲೆ ಜೋರು ವಾದ ಹತ್ತಿತು. ಕೈ ತನ್ನ ಪಾಡಿಗೆ ನಡೆಯಿತು.

೧೪.೩೦. ೧೪.೨೨. ೧೪.೨೭. ಪ್ರತಿ ಸಲ ಚಿವುಟಿದ ಜಾಗಕ್ಕೆ ಟೇಪು ಹಿಡಿದು ಬರೆದುಕೊಂಡೆ. ಆರನೆಯದಕ್ಕೆ ನನಗೇ ಅನುಮಾನ ಬಂದು ಗೂಟಗಳ ಅಂತರವನ್ನು ಕಡಿಮೆ ಮಾಡಿಸಿದೆ. ಸುತ್ತಿನ ಸಂಖ್ಯೆ ಬದಲಾಯಿತು, ಉದ್ದ ಬದಲಾಗಲಿಲ್ಲ: ೧೪.೨೫.

ಹತ್ತು ಎಳೆ ಮುಗಿದ ಮೇಲೆ ಅವರಿಗೆ ತೋರಿಸಿದೆ. ಓದಲು ಬಾರದ್ದರಿಂದ ಜ್ಯೋತಿಲಕ್ಷ್ಮಿ ಓದಿ ಹೇಳಿದಳು. "ಅತ್ತೆ, ಎಲ್ಲವೂ ಹದಿನಾಲ್ಕು ಕಾಲು ಮೀಟರೇ. ನೀವು ಮನಸ್ಸಿಗೆ ಬಂದಾಗ ಮುರೀತೀರಿ ಅಂತ ನಾನು ಅನ್ಕಂಡಿದ್ದೆ!"

ಅಂತರಘಟ್ಟಮ್ಮ ಬದಿಗಿರಿಸಿದ್ದ ಪೈಪಿನ ಚೌಕಟ್ಟಿನ ಕಡೆ ನೋಡಿದರು. ಆಮೇಲೆ ಹೇಳಿದರು: "ನಮ್ಮತ್ತೆ ಕಾಲದಾಗೆ ಪೈಪು ಎಲ್ಲಿತ್ತು? ಒಂದು ಕೋಲಿತ್ತು, ಎರಡೂ ತುದಿಗೆ ಕಚ್ಚು. ಅದಕ್ಕೆ ಹನ್ನೊಂದು ಸುತ್ತು ಸುತ್ತಿದ್ರೆ ಒಂದು ಆಳಿನ ಊಟ. ಹನ್ನೊಂದಾತಂದ್ರೆ ಚಿವುಟಬೇಕು. ಹನ್ನೆರಡಾದ್ರೆ ನಮ್ಮತ್ತೆ ಕೈ ಮ್ಯಾಲೆ ಬಾರಿಸ್ತಿದ್ಲು. ಆಕಿ ಹೋಗಿ ಇಪ್ಪತ್ತಾರು ವರ್ಷ ಆತು. ಕೋಲು ಬಿಟ್ಟೂ ಅಷ್ಟೇ ವರ್ಷ. ಪೈಪಿಗೆ ಎಳೆ ನಿಲ್ಲಬಾರದಲ್ಲ, ಅದಕ್ಕೇ ಚಿವುಟಿದ್ದನ್ನ ಕೈಯೇ ಕೂಡಿಸ್ತೈತೇನೋ."

"ಕೋಲು ಐತಾ?" ಎಂದು ಕೇಳಿದವರು ಕೆಂಚೇಶ್.

ಇತ್ತು. ಜ್ಯೋತಿಲಕ್ಷ್ಮಿ ಏಣಿ ಹಾಕಿ ಅಟ್ಟದಿಂದ ಇಳಿಸಿದಳು. ಹೊಗೆ ಹಿಡಿದ ಬಿದಿರು, ಎರಡು ತುದಿಗೂ ಎಳೆ ಕೂರಲು ಕೊರೆದ ಕಚ್ಚು. ಅಂತರಘಟ್ಟಮ್ಮ ಅದನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟರು. ನಾನು ಅಳೆಯುವಾಗ ಟೇಪಿನ ಇನ್ನೊಂದು ತುದಿಯನ್ನು ಕೆಂಚೇಶ್ ಹಿಡಿದಿದ್ದರು.

ಓಬಳೇಶ್ ಅಲ್ಲೇ ಕಟ್ಟೆಯ ಮೇಲೆ ಕೂತು ಬರೆದರು. ಮೊದಲ ಸಾಲನ್ನು ಅಂತರಘಟ್ಟಮ್ಮನೇ ಹೇಳಿ ಬರೆಸಿದರು: 'ಒಂದೇ ಎಳೆ ಅಂತ ಹೇಳಿದ್ದು ತಪ್ಪು, ನನ್ನ ಕೈ ಮುರಿದು ಕೂಡಿಸಿದ್ದು ನನಗೇ ಗೊತ್ತಿರಲಿಲ್ಲ.' ಅದರ ಕೆಳಗೆ ಹತ್ತು ಅಳತೆಗಳು, ನಿಧಾನ ವೇಗದ ವಿಡಿಯೋ, ಕೋಲಿನ ಫೋಟೋ. ಕೊನೆಗೆ ಕೆಂಚೇಶ್ ತಮ್ಮ ಹೆಸರು, ಗಿರಣಿಯ ಹೆಸರು ಹಾಕಿ, ಇದು ಕೈಯದೇ, ಮಿಶಿನ್ನಿನದಲ್ಲ, ನಾನು ಪಕ್ಕದಲ್ಲೇ ಕೂತಿದ್ದೆ ಎಂದು ಬರೆದರು.

ಇದನ್ನು ಎರಡು ಲಕ್ಷ ಜನ ನೋಡಲಿಲ್ಲ. ಸಂಜೆಯವರೆಗೆ ಒಂಬೈನೂರು ಚಿಲ್ಲರೆ ಜನ ನೋಡಿದ್ದರು. ಆದರೆ ನಾಲ್ಕು ಗಂಟೆಗೆ ಜ್ಯೋತಿಲಕ್ಷ್ಮಿಯ ಫೋನಿಗೆ ಹೊನ್ನಾಳಿಯ ಮದುವೆ ಮನೆಯ ಯಜಮಾನಿಯ ಕರೆ ಬಂತು. ಅವಳು ಸ್ಪೀಕರ್ ಹಾಕಿದಳು.

"ಅಂತರಘಟ್ಟಮ್ಮಾ, ಡಬ್ಬಿ ಹಂಗೇ ಐತಾ? ಯಾರಿಗೂ ಕೊಟ್ಟಿಲ್ಲ ತಾನೆ?"

"ಕೊಟ್ಟಿಲ್ಲ ಅಕ್ಕೋರೆ. ಬಟ್ಟಿ ಸೈತ ಬಿಚ್ಚಿಲ್ಲ."

"ನಾಳೆ ಆಟೋ ಕಳಿಸ್ತೀನಿ. ಇನ್ನೂ ಎರಡು ಕಿಲೋ ಬೇಕು. ನೀನೂ ಆಟೋದಾಗೇ ಬಂದುಬಿಡು, ಇಲ್ಲೇ ಹೊಸಿ." ಆಮೇಲೆ, "ಬೇಜಾರು ಮಾಡ್ಕಬ್ಯಾಡ" ಎಂದರು.

"ಕೋಲು ತರ್ತೀನಿ" ಎಂದರು ಅಂತರಘಟ್ಟಮ್ಮ.

ಹೊರಟು ನಿಂತಾಗ ಅವರು ಅಂಗಳದ ಹಗ್ಗದ ಮೇಲೆ ಒಣಗಿದ್ದ ಹತ್ತೂ ಎಳೆಗಳನ್ನು ತೆಗೆಯುತ್ತಿದ್ದರು. ಕೆಂಚೇಶ್‌ಗೆ ಐದು, ನನಗೆ ಐದು ಎಂದು ಪಾಲು ಮಾಡಿ ಕೊಟ್ಟರು. ಬಸ್ಸಿನಲ್ಲಿ ಕೂತು ನಾನು ನೋಟ್‌ಬುಕ್ಕಿನ ಕೊನೆಯ ಸಾಲುಗಳನ್ನು ಪೂರ್ತಿ ಮಾಡಿದೆ. ಕೋಲಿನ ಒಂದು ಸುತ್ತು ೧.೩೦ ಮೀಟರ್, ಹನ್ನೊಂದು ಸುತ್ತಿಗೆ ೧೪.೩೦. ಅಂತರಘಟ್ಟಮ್ಮನವರ ಹತ್ತು ಎಳೆಗಳ ಸರಾಸರಿ ೧೪.೨೬. ಇಪ್ಪತ್ತಾರು ವರ್ಷಗಳ ನಂತರದ ವ್ಯತ್ಯಾಸ ನಾಲ್ಕು ಸೆಂಟಿಮೀಟರ್.