ಜನರೇಟರ್ ಬಯಲಲ್ಲಿರಲಿ

ಕೊಟ್ಟೂರಿನ ಬಡಗಿ ಪಾಲಾಕ್ಷಪ್ಪ ಮರ ಕೊರೆಯುವ ಯಂತ್ರ ಓಡಿಸಲೆಂದು ಒಂದು ಸಣ್ಣ ಪೆಟ್ರೋಲ್ ಜನರೇಟರ್ ತಂದಿದ್ದ. ಕರೆಂಟು ಹೋದಾಗ ಅದು ಅಂಗಳದಲ್ಲಿ ಗುಡುಗುಡು ಎನ್ನುತ್ತಿತ್ತು.

ಎಂಬತ್ನಾಲ್ಕನೇ ಇಸವಿಯ ಕಾರ್ತಿಕದಲ್ಲಿ ಮಗಳು ಗಾಳೆಮ್ಮ ಮನೆಯಲ್ಲಿ ಬಾಣಂತಿ. ಹೆಣ್ಣು ಕೂಸು, ಇನ್ನೂ ತೊಟ್ಟಿಲಿಗೆ ಹಾಕಿರಲಿಲ್ಲ. ಒಂದು ಮುಂಜಾನೆ ಜಿಟಿಜಿಟಿ ಮಳೆ, ಕೊರೆಯುವ ಥಂಡಿ, ಕರೆಂಟೂ ಇಲ್ಲ. ಪಾಲಾಕ್ಷಪ್ಪ ಕೂಸಿನ ಪಾದ ಮುಟ್ಟಿದ. ತಣ್ಣಗಿತ್ತು.

"ತಡಿಯವ್ವಾ, ಹೀಟರ್ ಹಚ್ಚತೀನಿ."

ನೆನೆಯದಿರಲೆಂದು ಜನರೇಟರನ್ನು ಪಡಸಾಲೆಗೆ ತಂದು, ಕೋಣೆಯ ಹೀಟರಿಗೆ ಜೋಡಿಸಿ ಶುರು ಮಾಡಿದ. ಒಂದು ಕಿಟಕಿ ಬಿಟ್ಟು ಎಲ್ಲ ಮುಚ್ಚಿದ. ಬಾಣಂತಿ ಕೋಣೆ ಬೆಚ್ಚಗಾಯಿತು, ಕೂಸು ಮಲಗಿತು. ಅವನು ನೆಮ್ಮದಿಯಿಂದ ಹೊರಗಿನ ಚಪ್ಪರದಲ್ಲಿ ಕೆಲಸಕ್ಕೆ ಕುಳಿತ.

ಸ್ವಲ್ಪ ಹೊತ್ತಿಗೆ ಗಾಳೆಮ್ಮ ಕೂಗಿದಳು. "ಯಪ್ಪಾ, ತಲಿ ಸಿಡೀತೈತಿ. ವಾಂತಿ ಬಂದಂಗಾಗತೈತಿ."

"ಯಾರದೋ ಕಣ್ಣು ಬಿದ್ದೈತಿ," ಎಂದು ಹೆಂಡತಿ ಪಾಲಮ್ಮ ಉಪ್ಪು ಮೆಣಸಿನಕಾಯಿ ಹುಡುಕತೊಡಗಿದಳು.

ಅಷ್ಟರಲ್ಲಿ ಕೂಸು ನೋಡಲು ಬಂದ ನರ್ಸ್ ಹಂಪಕ್ಕ ಒಳಗಿನ ಸದ್ದು ಕೇಳಿ ಗಾಬರಿಯಾದಳು. "ಜನರೇಟರ್ ಒಳಗೈತೇನು? ಎಲ್ಲಾರೂ ಹೊರಗ ಬರ್ರಿ! ಮೊದ್ಲು ಕೂಸು!"

"ಹೊರಗ ಮಳಿ ಐತಕ್ಕ, ಕೂಸಿಗೆ ಥಂಡಿ ಆಗತೈತಿ," ಎಂದ ಪಾಲಾಕ್ಷಪ್ಪ.

"ಥಂಡಿಗೆ ಕಂಬಳಿ ಹೊಚ್ಚಬಹುದಣ್ಣ. ಎತ್ಕೊಂಡು ಬಾ!"

ಅವನು ಒಳಗೆ ಹೋಗಿ ಎತ್ತಿಕೊಂಡಾಗ ಕೂಸಿನ ಕೈ ಜೋತುಬಿದ್ದಿತ್ತು. ಕೂಸನ್ನು ಅವಚಿಕೊಂಡು ಹೊರಗೆ ಓಡಿದ; ಹಿಂದೆಯೇ ಪಾಲಮ್ಮ ಗಾಳೆಮ್ಮನನ್ನು ಹಿಡಿದು ಕರೆತಂದಳು. ಚಪ್ಪರದ ಗಾಳಿಯಲ್ಲಿ ಹಂಪಕ್ಕ ಕೂಸಿನ ಅಂಗಾಲು ತಿಕ್ಕಿದಳು. ಕೂಸು ಮುಖ ಕಿವುಚಿತು, ಸಣ್ಣಗೆ ಅತ್ತಿತು.

"ಅಳವ್ವಾ, ಇನ್ನೂ ಅಳು," ಎನ್ನುತ್ತ ಪಾಲಾಕ್ಷಪ್ಪನೂ ಅತ್ತ. "ಹೊಗಿ ಕಾಣಲಿಲ್ಲಕ್ಕ. ಕಿಟಕೀನೂ ತೆಗೆದಿದ್ದೆ."

"ಜನರೇಟರ್ ಬಿಡೋ ವಿಷಗಾಳಿ ಕಣ್ಣಿಗೆ ಕಾಣಂಗಿಲ್ಲ, ವಾಸನಿ ಬರಂಗಿಲ್ಲ. ಕಿಟಕಿ ತೆಗೆದ್ರ ಸಾಲಂಗಿಲ್ಲ. ಮಲಗಿದೋರು ಮಲಗಿದಂಗ ಹೋಗಿಬಿಡತಾರ. ನಡೀರಿ, ತಾಯಿ ಕೂಸು ಇಬ್ಬರನ್ನೂ ದವಾಖಾನಿಗೆ ಕರ್ಕೊಂಡು ಹೋಗಾಣ."

ಆಸ್ಪತ್ರೆಯಲ್ಲಿ ಪ್ರಾಣವಾಯು ಕೊಟ್ಟರು. ಇಬ್ಬರೂ ಉಳಿದರು. ಪಾಲಾಕ್ಷಪ್ಪ ಮನೆಯಿಂದ ದೂರ, ನಾಲ್ಕೂ ಕಡೆ ಬಯಲಿರುವ ಒಂದು ತಗಡಿನ ಮಾಡು ಕಟ್ಟಿ ಜನರೇಟರನ್ನು ಅಲ್ಲಿಟ್ಟ. ಅದರ ಹೊಗೆಕೊಳವೆ ಮನೆಯ ಕಡೆ ಮುಖ ಮಾಡದಂತೆ ಪಾಲಮ್ಮನೇ ನಿಂತು ತಿರುಗಿಸಿದಳು.

ಅಣ್ಣಂದಿರೇ, ಅಕ್ಕಂದಿರೇ, ಮಳೆಯಿರಲಿ, ಕಳ್ಳರ ಭಯವಿರಲಿ, ಓಡುವ ಜನರೇಟರನ್ನು ಮನೆ, ಪಡಸಾಲೆ, ಅಂಗಡಿಗಳ ಒಳಗೆ ಇಡಬೇಡಿ. ಬಾಗಿಲು ಕಿಟಕಿಗಳಿಂದ ದೂರ, ಬಯಲಲ್ಲಿಡಿ. ತಲೆನೋವು, ವಾಂತಿ, ಮಂಪರು ಕಂಡರೆ ಮೊದಲು ಹೊರಗೆ ಓಡಿ, ಆಮೇಲೆ ಆಸ್ಪತ್ರೆಗೆ. ನಿಮ್ಮವರ ಮೇಲೆ ನಿಮಗೆ ಪ್ರೀತಿಯಿದೆ. ಅದಕ್ಕೇ ಹೇಳುತ್ತಿದ್ದೇವೆ.