ಕರಿ ಮುಖದ ವಾಚು

ತೊಂಬತ್ಮೂರು-ತೊಂಬತ್ನಾಲ್ಕರ ಮಾತು. ಬ್ಯಾಟರಿ ವಾಚು ಬಂದ ಮೇಲೆ ಸೇಲಂನಲ್ಲಿ ಕೀಲಿ ಕೊಡುವ ವಾಚನ್ನು ಕೇಳುವವರೇ ಇರಲಿಲ್ಲ, ಸುಬ್ಬರಾಯನ್ ಒಬ್ಬನನ್ನು ಬಿಟ್ಟು. ವಾರವೆಲ್ಲ ಮಗ್ಗ, ಭಾನುವಾರ ಬಂತೆಂದರೆ ಹಳೇ ವಾಚಿನ ಹುಚ್ಚು. ಹಳೇ ಸಾಮಾನಿನ ಗೋವಿಂದನ್ ಅಂಗಡಿಗೆ ಬಂದದ್ದನ್ನೆಲ್ಲ ಇವನೇ ಕೊಳ್ಳುತ್ತಿದ್ದ. ಹಿಂದಿನ ಮುಚ್ಚಳ ಬಿಚ್ಚಿ ಇಣುಕಿದರೆ ಸಾಕು, ಯಾವ ಕಂಪನಿ, ಯಾವ ಕಾಲದ್ದು ಎಂದು ಹೇಳಿಬಿಡುವನು. ಆಮೇಲೆ ಪಾಲಿಶ್, ಹೊಸ ಗಾಜು, ಹೊಸ ಪಟ್ಟಿ. ತಂದದ್ದನ್ನು ತಂದ ಹಾಗೇ ಇಡುವುದು ಸೋಮಾರಿಗಳ ಕೆಲಸ ಎಂಬ ಜಂಬ ಬೇರೆ.

ಒಂದು ಬೆಳಿಗ್ಗೆ ತಾರಮಂಗಲಂನಿಂದ ಸೋದರತ್ತೆ ಮುತ್ಯಾಲಮ್ಮ ಬಂದಳು. ಅವಳು ಊರಲ್ಲಿಲ್ಲದಾಗ ಮಗ, ತೀರಿಹೋದ ಅಪ್ಪನ ವಾಚನ್ನು ಗೋವಿಂದನ್‌ಗೆ ಮಾರಿಬಿಟ್ಟಿದ್ದ. ಅದು ಗೊತ್ತಾದಾಗಿನಿಂದ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

“ಕರಿ ಮೊಕದ ವಾಚು ಕಣ್ಲಾ ಸುಬ್ಬು. ನಿಂಗೇ ಕೊಟ್ಟೆ ಅಂದ ಗೋವಿಂದನ್. ಐತಾ?”

ಮಾವನ ವಾಚು ತನ್ನ ಕೈ ಸೇರಿದೆ ಎಂದು ಸುಬ್ಬರಾಯನ್ ಹಿಗ್ಗಿದ. ಪೆಟ್ಟಿಗೆಯಿಂದ ಕರಿ ಮುಖದ ಮೂರನ್ನು ತೆಗೆದು ಚಾಪೆಯ ಮೇಲಿಟ್ಟ. ಮೂರೂ ಒಂದೇ ಕಂಪನಿಯವು, ಮೂರೂ ಫಳಫಳ.

ಅತ್ತೆ ಒಂದೊಂದನ್ನೂ ಹೆಬ್ಬೆರಳಿನಿಂದ ಸವರಿದಳು. ಮುಖ ಬಾಡಿತು.

“ಅಡಪಾವಿ, ಅಯ್ಯೋ ಪಾಪಿ! ಎಲ್ಲಾನೂ ಮದ್ವೆ ಗಂಡು ಮಾಡಿ ಕೂರ್ಸಿದ್ದೀಯಲ್ಲೋ. ನಮ್ಮೋರ್ದು ಯಾವ್ದೂಂತ ಎಂಗೆ ಕಂಡಿಡೀಲಿ? ಅದ್ರ ಗಾಜಲ್ಲಿ ಒಂದು ಸೀಳು ಇತ್ತು. ವಾಚು ತಂದ ದಿನಾನೇ, ನೋಡ್ತೀನಿ ಕೊಡಿ ಅಂತ ಕಿತ್ಕೊಂಡು ಬಸ್ ಸ್ಟ್ಯಾಂಡಲ್ಲಿ ಬೀಳಿಸ್ದೆ. ಒಂದು ಮಾತು ಬಯ್ಯಲಿಲ್ಲ. ಗಾಜು ಮಾತ್ರ ಕಡೇಗಂಟ ಬದಲಾಯಿಸಲಿಲ್ಲ. ಅಂಗೇ ಇರ್ಲಿ, ಟೈಮ್ ನೋಡ್ದಾಗೆಲ್ಲ ನೀನೂ ಕಾಣ್ತೀಯ ಅಂತಿದ್ರು.”

ಸುಬ್ಬರಾಯನ್ ಕೂಡಲೇ ಮೂರರ ಮುಚ್ಚಳವನ್ನೂ ಬಿಚ್ಚಿ ನೋಡಿದ. ಒಳಗೆ ಕಂಪನಿಯ ಹೆಸರಿತ್ತು, ಮಾವನ ಗುರುತೇನೂ ಇರಲಿಲ್ಲ. ಊರಿಗೆಲ್ಲ ವಾಚಿನ ಜಾತಕ ಹೇಳುವವನಿಗೆ ಮಾವನದು ಯಾವುದೆಂದು ತಿಳಿಯಲಿಲ್ಲ. ಕೊನೆಗೆ, ಬಿಚ್ಚಿದ ಹಳೇ ಗಾಜುಗಳನ್ನು ತುಂಬಿಟ್ಟಿದ್ದ ಬಿಸ್ಕತ್ತಿನ ಡಬ್ಬ ನೆನಪಾಗಿ, ತಂದು ಸುರಿದ.

ಅತ್ತೆ ಬೆರಳಾಡಿಸಿ ಆಡಿಸಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಅಂಚಿನಿಂದ ನಡುವಿನ ತನಕ ಬಾಗಿದ ಸೀಳು. “ಇದೇ ಕಣ್ಲಾ!” ಎಂದು ಕಣ್ಣು ಒರೆಸಿಕೊಳ್ಳುತ್ತಲೇ ನಕ್ಕಳು.

“ಮೂರು ವಾಚೂ ತಗೊಂಡೋಗು ಅತ್ತೆ. ಅದ್ರಾಗೆ ಮಾವಂದು ಒಂದು ಇದ್ದೇ ಐತೆ,” ಎಂದ ಸುಬ್ಬರಾಯನ್.

“ಟೈಮ್ ನೋಡಕ್ಕೆ ಮನೇಲಿ ಗಡಿಯಾರ ಐತೆ ಬಿಡ್ಲಾ,” ಎಂದು ಮುತ್ಯಾಲಮ್ಮ ಆ ಗಾಜನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಸ್ಸಿಗೆ ಹೊರಟಳು.